ಪರದೇಶಿ ಕಾರಿನ ರಹದಾರಿ

ವರ್ಗವಾಗಿ ಈ ನಗರಕ್ಕೆ ಬಂದ ಕನ್ನಡಿಗರಲ್ಲಿ ಊರಿನಿಂದ ಸ್ಕೂಟರನ್ನು ರೈಲಿಗೆ ಹಾಕಿ ತಂದವರು ಅನೇಕರಿದ್ದಾರೆ. ಪೆಟ್ರೋಲು ಬಸಿದು, ಗೋಣಿ ಸುತ್ತಿಸಿ, ಪಾರ್ಸೆಲ್ ರಸೀದಿಯನ್ನು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಬಂದವರಲ್ಲಿ ನಾವೂ ಒಬ್ಬರು. ಆದರೆ ವಾಹನ ಬಂದಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ವಿಧಿಸುತ್ತದೆ. ಊರಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ತೆಗೆದ ಅಚ್ಚು, ಇವೆಲ್ಲ ಕೂಡಿಬಂದ ಮೇಲೆಯೇ ಆ ಸ್ಕೂಟರು ಈ ಊರಿನದಾಗುವುದು.

ಒಂದೇ ದೇಶದ ಎರಡು ರಾಜ್ಯಗಳ ನಡುವೆ ಇಷ್ಟಾದರೆ, ಸಮುದ್ರ ದಾಟಿ ಬರುವ ಹಳೆಯ ಕಾರಿನ ಪಾಡೇನು? ಅದೂ ವೇಗಕ್ಕೆಂದೇ ಕಟ್ಟಿದ ಸ್ಪೋರ್ಟ್ಸ್ ಕಾರಾದರೆ? ಈ ಕುತೂಹಲದಿಂದ ನಾವು ಓದುತ್ತ ಹೋದಾಗ ಅಮೆರಿಕದ ಕಥೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿತು. ಅದು ಕಾರಿನ ಕಥೆ ಮಾತ್ರವಲ್ಲ. ಒಳ್ಳೆಯ ಉದ್ದೇಶದಿಂದ ಹುಟ್ಟಿದ ನಿಯಮವೊಂದು ಬೆಳೆಯುತ್ತ ಬೆಳೆಯುತ್ತ ಹೇಗೆ ತಿರುವು ಪಡೆಯುತ್ತದೆಂಬ ಕಥೆಯೂ ಹೌದು.

1960ರ ದಶಕದ ನಡುವಿನಲ್ಲಿ ಅಮೆರಿಕದ ರಸ್ತೆಗಳಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ ಐವತ್ತು ಸಾವಿರದ ಹತ್ತಿರ ಬಂದಿತ್ತು. ಅಪಘಾತವೆಂದರೆ ಚಾಲಕನ ತಪ್ಪು ಎಂಬುದೇ ಅಲ್ಲಿಯವರೆಗಿನ ನಂಬಿಕೆ. ಕಾರು ಕಟ್ಟಿದವನ ಪಾಲೂ ಅದರಲ್ಲಿದೆಯೆಂದು 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಪುಸ್ತಕವನ್ನೇ ಬರೆದರು. 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. 1968ರ ಜನವರಿ 1ರಿಂದ ತಯಾರಾಗುವ ಪ್ರತಿಯೊಂದು ಕಾರೂ, ಅದು ಯಾವ ದೇಶದ್ದೇ ಆಗಿರಲಿ, ಅಮೆರಿಕದ ಸುರಕ್ಷತಾ ಮಾನಗಳಿಗೆ ಹೊಂದಬೇಕೆಂದಾಯಿತು. 1970ರ ಶುದ್ಧ ವಾಯು ಕಾಯಿದೆಯು ಹೊಗೆಯ ಲೆಕ್ಕವನ್ನೂ ಅದಕ್ಕೆ ಸೇರಿಸಿತು. ಈ ನಿಯಮಗಳ ಹಿಂದೆ ಸತ್ತವರ ಲೆಕ್ಕವಿತ್ತು ಎಂಬುದನ್ನು ಮರೆಯಬಾರದು.

ಆದರೆ ಇದರ ಹೊಡೆತ ಯೂರೋಪಿನ ಸ್ಪೋರ್ಟ್ಸ್ ಕಾರುಗಳಿಗೆ ಜೋರಾಗಿಯೇ ತಗುಲಿತು. ಗಂಟೆಗೆ ಐದು ಮೈಲಿ ವೇಗದಲ್ಲಿ ಗುದ್ದಿದರೂ ಲೈಟು ಮುಂತಾದವು ಕೆಡದಂತೆ ತಡೆಯುವ ಬಂಪರು 1973ರ ಮಾದರಿಗಳಿಂದ ಕಡ್ಡಾಯವಾಯಿತು. ಬ್ರಿಟನ್ನಿನ ಎಂ.ಜಿ.ಬಿ. ಎಂಬ ಪುಟ್ಟ ಚೆಲುವಾದ ಕಾರಿಗೆ 1974ರಲ್ಲಿ ಹೊಳೆಯುವ ಕ್ರೋಮಿಯಂ ಬಂಪರು ಹೋಗಿ ದಪ್ಪನೆಯ ಕಪ್ಪು ರಬ್ಬರಿನ ಮೂತಿ ಬಂದಿತು. ಎತ್ತರದ ನಿಯಮಕ್ಕಾಗಿ ಇಡೀ ಕಾರನ್ನೇ ಮೇಲಕ್ಕೆತ್ತಿದರು. ನೆಲಕ್ಕಂಟಿ ತಿರುವುಗಳಲ್ಲಿ ಓಡುತ್ತಿದ್ದ ಕಾರು ಓಲಾಡತೊಡಗಿತು. ಇಟಲಿಯ ಫೆರಾರಿಯಂಥವರು ತಮ್ಮ 512 ಬಾಕ್ಸರ್ ಮಾದರಿಯನ್ನು ಅಮೆರಿಕಕ್ಕೆ ಒಗ್ಗಿಸುವ ಗೋಜಿಗೇ ಹೋಗಲಿಲ್ಲ. ಮಾರುವವನು ತರದಿದ್ದರೇನು, ಕೊಳ್ಳುವವನೇ ಹೋಗಿ ತಂದರಾಯಿತು ಎಂಬ ಯೋಚನೆ ಹುಟ್ಟಿದ್ದು ಇಲ್ಲಿ.

ಆ ಯೋಚನೆಗೆ ನೀರೆರೆದದ್ದು ಡಾಲರು. 1980ರಲ್ಲಿ ಒಂದು ಡಾಲರಿಗೆ ಎರಡು ಜರ್ಮನ್ ಮಾರ್ಕೂ ಸಿಗುತ್ತಿರಲಿಲ್ಲ. 1985ರ ಆರಂಭದಲ್ಲಿ ಮೂರಕ್ಕೂ ಹೆಚ್ಚು ಸಿಗುತ್ತಿದ್ದವು. ಜರ್ಮನಿಯಲ್ಲಿ ಕೊಂಡ ಕಾರಿಗೆ ಹಡಗಿನ ಬಾಡಿಗೆ, ಸುಂಕ, ಮಾರ್ಪಾಡಿನ ಖರ್ಚು ಎಲ್ಲ ಕೂಡಿಸಿದರೂ, ಅಮೆರಿಕದ ಅಧಿಕೃತ ಅಂಗಡಿಯ ಬೆಲೆಗಿಂತ ಸಾವಿರಾರು ಡಾಲರು ಉಳಿಯುತ್ತಿತ್ತು. 1985ರ ಒಂದೇ ವರ್ಷ ಹೀಗೆ ಖಾಸಗಿಯಾಗಿ ಬಂದಿಳಿದ ಕಾರುಗಳು ಅರವತ್ತು ಸಾವಿರಕ್ಕೂ ಹೆಚ್ಚು. ಕಳ್ಳಸಾಗಣೆಯೂ ಅಲ್ಲದ, ಅಧಿಕೃತ ಮಾರಾಟವೂ ಅಲ್ಲದ ಈ ವ್ಯಾಪಾರಕ್ಕೆ ಬೂದು ಮಾರುಕಟ್ಟೆ ಎಂದು ಹೆಸರಾಯಿತು.

ಕ್ರಮವೇನೋ ಸರಳವಾಗಿ ಕಾಣುತ್ತಿತ್ತು. ಕಾರು ಬಂದರಿಗೆ ಬಂದೊಡನೆ ಮಾಲೀಕನು ಸುಂಕದ ಕಟ್ಟೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಅದನ್ನು ಷರತ್ತಿನ ಮೇಲೆ ಬಿಡಿಸಿಕೊಳ್ಳಬೇಕು. ಗೊತ್ತಾದ ಅವಧಿಯೊಳಗೆ ಮಾರ್ಪಾಡು ಮಾಡಿಸಿ ದಾಖಲೆ ಸಲ್ಲಿಸಬೇಕು. ತಪ್ಪಿದರೆ ಕಾರನ್ನು ಹಿಂದಕ್ಕೆ ಕಳಿಸಬೇಕು ಇಲ್ಲವೇ ಮುಚ್ಚಳಿಕೆಯ ಹಣ ಕಳೆದುಕೊಳ್ಳಬೇಕು.

ಆದರೆ ಗ್ಯಾರೇಜಿನ ಒಳಗಿನ ಕೆಲಸ ಸಣ್ಣದಲ್ಲ. ಬಾಗಿಲುಗಳನ್ನು ಬಿಚ್ಚಿ, ಪಕ್ಕದಿಂದ ಗುದ್ದಿದರೆ ತಡೆಯುವಂತೆ ಒಳಗೆ ಉಕ್ಕಿನ ಪಟ್ಟಿ ಬೆಸೆಯಬೇಕು. ಬಂಪರಿನ ಹಿಂದೆ ಬಲಕೊಡಬೇಕು. ಯೂರೋಪಿನ ಒಳ್ಳೆಯ ಹೆಡ್‌ಲೈಟನ್ನು ತೆಗೆದು ಅಮೆರಿಕದ ಮಾದರಿಯದನ್ನು ಕೂಡಿಸಬೇಕು. ಪಕ್ಕಗಳಲ್ಲಿ ಮುಂದೆ ಹಳದಿ, ಹಿಂದೆ ಕೆಂಪು ಗುರುತುದೀಪ ಇರಬೇಕು. ಕಿಲೋಮೀಟರಿನ ಮಾಪಕ ಮೈಲಿ ತೋರಿಸಬೇಕು. ಬೆಲ್ಟು ಕಟ್ಟದಿದ್ದರೆ ಗಂಟೆ ಬಾರಿಸಬೇಕು. ಇನ್ನು ಹೊಗೆಯ ಬಾಬತ್ತು. ಪೂರ್ತಿ ಸುಡದೆ ಉಳಿದ ಇಂಧನ, ಕಾರ್ಬನ್ ಮಾನಾಕ್ಸೈಡು, ನೈಟ್ರೋಜನ್ನಿನ ಆಕ್ಸೈಡುಗಳು, ಈ ಮೂರನ್ನೂ ತಗ್ಗಿಸಲು ಹೊಗೆ ಕೊಳವೆಯಲ್ಲಿ ಪ್ಲಾಟಿನಂ ಮುಂತಾದ ಲೋಹ ಲೇಪಿಸಿದ ವೇಗವರ್ಧಕದ ಡಬ್ಬಿ ಬೇಕು. ಸೀಸ ಬೆರೆತ ಪೆಟ್ರೋಲು ತಗುಲಿದರೆ ಆ ಲೇಪ ಸತ್ತುಹೋಗುತ್ತದೆ. ಆದ್ದರಿಂದ ಸೀಸದ ಪೆಟ್ರೋಲಿನ ದಪ್ಪ ನಳಿಕೆ ತೂರದಂತೆ ಟ್ಯಾಂಕಿನ ಬಾಯಿಯನ್ನೂ ಕಿರಿದು ಮಾಡಬೇಕು. ಟ್ಯಾಂಕಿನಿಂದೇಳುವ ಪೆಟ್ರೋಲಿನ ಆವಿಯನ್ನು ಹಿಡಿದಿಡಲು ಇದ್ದಲಿನ ಡಬ್ಬಿ ಬೇರೆ. ಇಷ್ಟಾದ ಮೇಲೆ ಎಂಜಿನು ಮೊದಲಿನ ಕಸುವು ತೋರಿಸುವುದೆಂಬ ಭರವಸೆಯಿಲ್ಲ!

ಶ್ರದ್ಧೆಯಿಂದ ಕೆಲಸ ಮಾಡಿದ ಗ್ಯಾರೇಜುಗಳಿದ್ದವು. ಜೊತೆಗೆ, ಕೆಲಸವೆಲ್ಲ ಕಾಗದದ ಮೇಲೆಯೇ ಮುಗಿಸಿದವರೂ ಇದ್ದರು. ಬಾಗಿಲ ಒಳಗಿನ ಉಕ್ಕಿನ ಪಟ್ಟಿ ಹೊರಗಿನಿಂದ ಕಾಣುವುದೇ? ಐದು ವರ್ಷಕ್ಕಿಂತ ಹಳೆಯ ಕಾರನ್ನು ಒಬ್ಬ ವ್ಯಕ್ತಿ ಸ್ವಂತ ಬಳಕೆಗೆ ಒಂದು ಬಾರಿ ತಂದರೆ ಹೊಗೆಯ ನಿಯಮದಿಂದ ವಿನಾಯಿತಿಯೂ ಆಗ ಇತ್ತು. ಸರಕಾರ ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರಿದರು. ಇತ್ತ ಅಧಿಕೃತ ಮಾರಾಟಗಾರರ ಗಿರಾಕಿಗಳು ಕೈತಪ್ಪುತ್ತಿದ್ದರು; ಅವರ ಕೂಗು ವಾಷಿಂಗ್ಟನ್ನಿಗೆ ಮುಟ್ಟಿತು. ಸುರಕ್ಷತೆಯ ಕಾಳಜಿ ಯಾವುದು, ವ್ಯಾಪಾರದ ಕಾಳಜಿ ಯಾವುದು ಎಂದು ಬಿಡಿಸಿ ಹೇಳಲಾಗದಂತೆ ಎರಡೂ ಬೆರೆತವು.

1988ರ ಅಕ್ಟೋಬರ್ 31ರಂದು ಅಧ್ಯಕ್ಷ ರೇಗನ್ನರು ಆಮದು ವಾಹನಗಳ ಕಾಯಿದೆಗೆ ಸಹಿ ಹಾಕಿದರು. 1990ರ ಜನವರಿ ಕೊನೆಯಿಂದ ಅದು ಜಾರಿಗೆ ಬಂದಿತು. ಇನ್ನು ಮುಂದೆ ನಿಯಮಕ್ಕೆ ಹೊಂದದ ಕಾರನ್ನು ಸರಕಾರದಲ್ಲಿ ನೋಂದಾಯಿತನಾದ ಆಮದುದಾರನ ಮೂಲಕವೇ ತರಬೇಕು. ಅಂಥ ಮಾದರಿ ಮಾರ್ಪಾಡಿಗೆ ಯೋಗ್ಯವೆಂದು ಮೊದಲು ತೀರ್ಮಾನವಾಗಬೇಕು. ಕಾರಿನ ಬೆಲೆಯ ಒಂದೂವರೆ ಪಟ್ಟು ಮೊತ್ತಕ್ಕೆ ಮುಚ್ಚಳಿಕೆ ಕೊಟ್ಟು, 120 ದಿನಗಳಲ್ಲಿ ಕೆಲಸ ಮುಗಿಸಬೇಕು. ಒಂದು ಕಿಂಡಿ ಮಾತ್ರ ಉಳಿಯಿತು. ತಯಾರಾಗಿ ಇಪ್ಪತ್ತೈದು ವರ್ಷ ತುಂಬಿದ ಕಾರಿಗೆ ಸುರಕ್ಷತೆಯ ಈ ಷರತ್ತುಗಳಿಲ್ಲ. ವಿಶೇಷವೆಂದರೆ, 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ನಂತರ ಡಾಲರು ಇಳಿದು, ಬೂದು ಮಾರುಕಟ್ಟೆ ತಾನಾಗಿಯೇ ಕರಗತೊಡಗಿತ್ತು. ಕಾಯಿದೆ ಬಂದದ್ದು ಆಮೇಲೆ.

ಈ ಬಾಗಿಲಿಗೆ ಹಣೆ ಚಚ್ಚಿಕೊಂಡವರಲ್ಲಿ ಬಿಲ್ ಗೇಟ್ಸ್ ಪ್ರಸಿದ್ಧರು. ಜರ್ಮನಿಯ ಪೋರ್ಷೆ 959 ಆ ಕಾಲದ ಅದ್ಭುತ. 2.85 ಲೀಟರಿನ ಎಂಜಿನು, ಎರಡು ಟರ್ಬೊ, 450 ಅಶ್ವಶಕ್ತಿ, ಗಂಟೆಗೆ 300 ಕಿಲೋಮೀಟರು ಮೀರಿದ ವೇಗ. 1986ರ ಪ್ಯಾರಿಸ್-ಡಾಕರ್ ಮರಳುಗಾಡಿನ ಓಟವನ್ನೂ ಅದು ಗೆದ್ದಿತ್ತು. ಕಟ್ಟಿದ್ದು ಮುನ್ನೂರರ ಆಸುಪಾಸು ಮಾತ್ರ. ಗುದ್ದಿಸಿ ನೋಡುವ ಪರೀಕ್ಷೆಗೆ ಇಂಥ ಕಾರುಗಳನ್ನು ಬಲಿಕೊಡಲು ಕಂಪನಿ ಒಪ್ಪಲಿಲ್ಲ. ಪರೀಕ್ಷೆಯಿಲ್ಲದೆ ಪ್ರವೇಶವಿಲ್ಲ. ಗೇಟ್ಸರು ತರಿಸಿದ ಕಾರು ಹದಿಮೂರು ವರ್ಷದಷ್ಟು ಕಾಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಂಕದವರ ವಶದಲ್ಲಿ ಕುಳಿತಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆಗೆ ಜಗತ್ತಿನ ಆಗರ್ಭ ಶ್ರೀಮಂತರೂ ಹೊರತಲ್ಲ! ಕೊನೆಗೆ 1998ರ ಸಾರಿಗೆ ಕಾಯಿದೆಯಲ್ಲಿ, ಚರಿತ್ರೆಯ ಅಥವಾ ತಾಂತ್ರಿಕ ಮಹತ್ವದ ಅಪರೂಪದ ಕಾರುಗಳನ್ನು ಪ್ರದರ್ಶನಕ್ಕೆಂದು ತರಬಹುದೆಂಬ ಅವಕಾಶ ಸೇರಿತು. ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು ನಾಲ್ಕು ಸಾವಿರ ಕಿಲೋಮೀಟರು, ಮೀರಿ ಓಡಿಸುವಂತಿಲ್ಲ. ಹೊಗೆಯ ನಿಯಮದಿಂದ ಮಾತ್ರ ಬಿಡುಗಡೆಯಿಲ್ಲ. ಕ್ಯಾಲಿಫೋರ್ನಿಯಾದ ಬ್ರೂಸ್ ಕನೆಪಾ ಅವರ ಕಾರ್ಖಾನೆಯಲ್ಲಿ 959ರ ಎಂಜಿನುಗಳನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸಿದರು.

ಗೇಟ್ಸರಂಥ ಬಲವಿಲ್ಲದ ಸಾಮಾನ್ಯ ಅಭಿಮಾನಿ ಕ್ಯಾಲೆಂಡರನ್ನೇ ನಂಬಬೇಕಾಯಿತು. ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿ.ಟಿ.-ಆರ್. ಕಾರಿನ ಆರ್32 ಮಾದರಿ ತಯಾರಾಗತೊಡಗಿದ್ದು 1989ರ ಆಗಸ್ಟಿನಲ್ಲಿ. 2.6 ಲೀಟರಿನ ಆರು ಸಿಲಿಂಡರು, ನಾಲ್ಕೂ ಚಕ್ರಕ್ಕೆ ಚಾಲನೆ. ಆಸ್ಟ್ರೇಲಿಯದ ಬ್ಯಾಥರ್ಸ್ಟ್ ಓಟವನ್ನು 1991 ಮತ್ತು 1992ರಲ್ಲಿ ಅದು ಗೆದ್ದಾಗ ಅಲ್ಲಿಯವರು ಅದನ್ನು ಗಾಡ್ಜಿಲ್ಲಾ ಎಂದು ಕರೆಯುತ್ತಿದ್ದರು. ವಿನಾಯಿತಿಯ ಲೆಕ್ಕ ಹಿಡಿಯುವುದು ಮಾದರಿಯ ವರ್ಷದಿಂದಲ್ಲ, ತಯಾರಾದ ತಿಂಗಳಿನಿಂದ. ಆದ್ದರಿಂದ ಮೊದಲ ಆರ್32 ಕಾರುಗಳಿಗೆ ಅಮೆರಿಕದ ಬಾಗಿಲು ತೆರೆದದ್ದು 2014ರ ಆಗಸ್ಟಿನಲ್ಲಿ. 1999ರ ಜನವರಿಯ ಆರ್34ಕ್ಕೆ 2024ರ ಜನವರಿಯಲ್ಲಿ. ಹುಡುಗನಾಗಿದ್ದಾಗ ಚಿತ್ರ ನೋಡಿ ಆಸೆಪಟ್ಟವನು ನಡುವಯಸ್ಸಿನಲ್ಲಿ ಬಂದರಿಗೆ ಹೋಗಿ ಅದನ್ನು ಬಿಡಿಸಿಕೊಂಡ. ಬಂದ ಮೇಲೂ ನೋಂದಣಿ ರಾಜ್ಯದ ಕೈಯಲ್ಲಿ. ಕ್ಯಾಲಿಫೋರ್ನಿಯಾ 1976 ಮತ್ತು ಅದರ ನಂತರದ ಕಾರುಗಳ ಹೊಗೆಯನ್ನು ತನ್ನದೇ ಕಟ್ಟುನಿಟ್ಟಿನಲ್ಲಿ ಅಳೆಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು.

ನಮ್ಮ ದೇಶದ ನಿಯಮ ಇದಕ್ಕೆ ನೇರ ವಿರುದ್ಧ. 2001ರ ಏಪ್ರಿಲಿನಲ್ಲಿ ಆಮದಿನ ನಿರ್ಬಂಧಗಳು ಸಡಿಲಾದಾಗ ಬಳಸಿದ ಕಾರುಗಳಿಗೆ ಷರತ್ತುಗಳು ಬಂದವು. ಕಾರಿಗೆ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗು ಬಲಗಡೆ ಇರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಮುಂಬಯಿ ಬಂದರಿನಿಂದಲೇ ಒಳಗೆ ಬರಬೇಕು, ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯ ಪರೀಕ್ಷೆಗೆ ಒಳಪಡಬೇಕು. ಅವರು ಇಪ್ಪತ್ತೈದು ತುಂಬಲಿ ಎಂದರು, ನಾವು ಮೂರು ಮೀರದಿರಲಿ ಎಂದೆವು. ಶ್ರೀಮಂತ ದೇಶಗಳು ಎಸೆದ ಗುಜರಿ ನಮ್ಮಲ್ಲಿ ಬಂದು ಬೀಳಬಾರದೆಂಬುದು ನಮ್ಮ ಭಯ. ಅದು ಸುಳ್ಳು ಭಯವಲ್ಲ.

ಅಮೆರಿಕದ ನಿಯಮದಲ್ಲಿ ಒಂದು ವಿರೋಧಾಭಾಸವಿದೆ. ಏರ್‌ಬ್ಯಾಗು, ಒಳ್ಳೆಯ ಬ್ರೇಕು ಎಲ್ಲ ಇರುವ ಐದು ವರ್ಷದ ಯೂರೋಪಿಯನ್ ಕಾರಿಗೆ ಬಾಗಿಲು ಮುಚ್ಚಿದೆ. ಅದಾವುದೂ ಇಲ್ಲದ ಮುದಿ ಕಾರಿಗೆ ತೆರೆದಿದೆ. ಹಳೆಯವು ಕಡಿಮೆ, ಓಡುವುದೂ ಕಡಿಮೆ ಎಂಬುದೇ ಅದಕ್ಕೆ ಸಮಾಧಾನ. ಜೀವ ಉಳಿಸಲು ಹುಟ್ಟಿದ ನಿಯಮ ಕೊನೆಗೆ ಹುಟ್ಟಿದ ತಾರೀಖು ನೋಡುವ ನಿಯಮವಾಯಿತು. ಕಡತಗಳ ನಡುವೆಯೇ ಆಯುಸ್ಸು ಸವೆಸುತ್ತಿರುವ ನಮಗೆ ಇದು ಹೊಸದೇನಲ್ಲ. ನಿಯಮ ಬೇಡವೆಂದು ನಾವು ಹೇಳಲಾರೆವು. ಐವತ್ತು ಸಾವಿರ ಸಾವಿಗೆ ನಿಯಮವೇ ಉತ್ತರ. ಆದರೆ ಅದು ಯಾಕೆ ಬಂದಿತೆಂಬುದನ್ನು ಆಗಾಗ ಕೇಳಿಕೊಳ್ಳದಿದ್ದರೆ ಉಳಿಯುವುದು ಬಾಗಿಲು ಮತ್ತು ಬೀಗ ಮಾತ್ರ.

ಕೇಳಿಕೊಂಡರೆ ಬದಲಾವಣೆ ಸಾಧ್ಯವೆಂಬುದಕ್ಕೆ ನಮ್ಮಲ್ಲೂ ಉದಾಹರಣೆಯಿದೆ. ವರ್ಗವಾಗುವ ನೌಕರರಿಗಾಗಿ 2021ರಲ್ಲಿ ಭಾರತ ಸರಣಿಯ ನಂಬರು ಬಂದಿತು. ಎರಡೆರಡು ವರ್ಷದ ತೆರಿಗೆ ಕಟ್ಟುತ್ತ, ರಾಜ್ಯ ಬದಲಾದರೂ ನಂಬರು ಬದಲಿಸದೆ ಓಡಾಡಬಹುದು. ನಮ್ಮ ಹಳೆಯ ಸ್ಕೂಟರು ಆ ಭಾಗ್ಯ ಕಾಣಲಿಲ್ಲ. ಅದು ಪೆನ್ಸಿಲಿನ ಅಚ್ಚು ಕೊಟ್ಟೇ ಈ ಊರಿನದಾಯಿತು, ನಮ್ಮಂತೆಯೇ.