ಎತ್ತು ಹದಕ್ಕೆ ಬಂತು ಅಂತ ಯಾರಿಗೆ ಗೊತ್ತಾಗುತ್ತೆ?

ಆಫೀಸಿನಲ್ಲಿ ಹೊಸ ಕೆಲಸ ಶುರುವಾಗುವ ಮುಂಚೆ ಒಂದು ಶಾಸ್ತ್ರ ಇದೆ. ಎಲ್ಲರೂ ಸುತ್ತ ಕೂತು ಇದಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಒಬ್ಬರದ್ದು ಒಬ್ಬರು ನೋಡದೆ ಬರೆಯೋದು, ಆಮೇಲೆ ನಡುವಿನ ಸಂಖ್ಯೆ ಹಿಡಿಯೋದು. ಪ್ರತಿ ಸಲ ಯಾರಾದರೊಬ್ಬರು ಆ ಎತ್ತಿನ ಕತೆ ಹೇಳಿಯೇ ಹೇಳುತ್ತಾರೆ. ನೀವೂ ಕೇಳಿರುತ್ತೀರಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕೊಬ್ಬಿದ ದನಗಳ ಪ್ರದರ್ಶನ. ಆರು ಪೆನ್ಸ್ ಕೊಟ್ಟು ಚೀಟಿ ಕೊಂಡು ಒಂದು ಎತ್ತಿನ ತೂಕ ಊಹಿಸುವ ಸ್ಪರ್ಧೆ. ಸುಮಾರು 800 ಚೀಟಿ. ಓದಲಾಗದ 13 ಬಿಟ್ಟರೆ 787. ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ನಟ್ಟನಡುವಿನ ಅಂದಾಜು 1207 ಪೌಂಡು, ನಿಜವಾದ ತೂಕ 1198. ಫ್ರಾನ್ಸಿಸ್ ಗಾಲ್ಟನ್ ಇದನ್ನು 1907ರ ಮಾರ್ಚಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ. ಗುಂಪಿಗೆ ಒಬ್ಬನಿಗಿಂತ ಹೆಚ್ಚು ಬುದ್ಧಿ ಇದೆ, ಆದ್ದರಿಂದ ನಮ್ಮ ಅಂದಾಜೂ ಸರಿ... ಇಲ್ಲಿಗೆ ಕತೆ ಮುಗೀತು. (ನಮ್ಮ ಅಂದಾಜು ಇವತ್ತಿನವರೆಗೆ ಸರಿಯಾದದ್ದು ನೋಡಿಲ್ಲ, ಆ ಮಾತು ಬೇರೆ :))

ಈ ಸಲ ಕುತೂಹಲಕ್ಕೆ ಗಾಲ್ಟನ್ ಬರೆದದ್ದನ್ನೇ ಹುಡುಕಿ ಓದಿದೆ. ಕತೆಗಾರರು ಹೇಳುವ ಹಾಗೆ ಆತ ಜಾತ್ರೆಯಲ್ಲಿ ಅಡ್ಡಾಡುತ್ತಾ ಚೀಟಿ ಆರಿಸಿದ್ದಲ್ಲ, ಸ್ಪರ್ಧೆ ಮುಗಿದ ಮೇಲೆ ಎರವಲು ತರಿಸಿಕೊಂಡದ್ದು. ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಅವರು ಊಹಿಸಬೇಕಾಗಿದ್ದು ನಿಂತ ಎತ್ತಿನ ತೂಕವನ್ನಲ್ಲ. ಅದನ್ನು ಕಡಿದು, ಚರ್ಮ, ತಲೆ, ಕಾಲು, ಕರುಳು ಎಲ್ಲ ತೆಗೆದ ಮೇಲೆ ಉಳಿಯುವ ತೂಕವನ್ನು. ಅಂದರೆ ಜೀವಂತ ನಿಂತ ಪ್ರಾಣಿಯ ಚರ್ಮದ ಆಚೆ ನೋಡಬೇಕು. ಬಂದವರಲ್ಲಿ ರೈತರಿದ್ದರು, ಕಟುಕರಿದ್ದರು, ಏನೂ ಗೊತ್ತಿಲ್ಲದವರೂ ಇದ್ದರು. ಈ ಕಣ್ಣು ಅವರಿಗೆ ಎಲ್ಲಿಂದ ಬಂತು?

(ದನದ ಮಾಂಸ ತಿನ್ನಬೇಕೋ ಬೇಡವೋ ಅನ್ನುವ ಜಗಳಕ್ಕೆ ಬಂದಿದ್ದರೆ ಇಲ್ಲಿ ನಿಮಗೆ ನಿರಾಸೆ. 'ಕಟುಕ' ಅನ್ನುವ ಪದಕ್ಕೆ ನಮ್ಮಲ್ಲಿ ಬೈಗುಳದ ವಾಸನೆ ಇದೆ, ಇಲ್ಲಿ ಅದು ಬರೀ ಕಸುಬಿನ ಹೆಸರು.)

ಬ್ರಿಟನ್ನಿನಲ್ಲಿ ಮನೆಯಲ್ಲಿ ಸಾಕಿದ ದನವನ್ನು ಯಾವಾಗ ಕಡಿಯಬೇಕು ಅನ್ನೋದು ಬಹಳ ಕಾಲ ಒಂದು ಪ್ರಶ್ನೆಯೇ ಆಗಿರಲಿಲ್ಲ. ಪಂಚಾಂಗವೇ ಹೇಳುತ್ತಿತ್ತು. ನವೆಂಬರ್ 11 ಸಂತ ಮಾರ್ಟಿನ್ನನ ಹಬ್ಬ. ಹುಲ್ಲು ಬೆಳೆಯೋದು ಆ ಹೊತ್ತಿಗೆ ನಿಂತಿರುತ್ತೆ, ಕೂಡಿಟ್ಟ ಒಣಹುಲ್ಲು ಎಲ್ಲ ದನಕ್ಕೂ ಚಳಿಗಾಲವಿಡೀ ಸಾಲೋದಿಲ್ಲ. ಬೇಸಿಗೆಯ ಮೇವು ತಿಂದು ಮೈ ತುಂಬಿಕೊಂಡ ಪ್ರಾಣಿ ಅಂದಿನಿಂದ ಇಳಿಯೋದೇ. ಹಾಗಾಗಿ ಕಡಿದು ಉಪ್ಪು ಹಾಕಿ ಇಡುತ್ತಿದ್ದರು. ಉತ್ತರ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಹಾಗೆ ಕಡಿಯುವ ದನಕ್ಕೆ 'ಮಾರ್ಟ್' ಅಂತಲೇ ಹೆಸರು.

ಹದಿನೆಂಟನೇ ಶತಮಾನದಲ್ಲಿ ಟರ್ನಿಪ್ ಗೆಡ್ಡೆ, ಕ್ಲೋವರ್ ಮೇವು ಹೊಲಕ್ಕೆ ಬಂದಮೇಲೆ ಚಳಿಗಾಲದಲ್ಲೂ ದನವನ್ನು ಕೊಬ್ಬಿಸೋದು ಸಾಧ್ಯವಾಯಿತು. ಆಗಲೇ ಪ್ರಶ್ನೆ ಹುಟ್ಟಿದ್ದು. ಇವತ್ತು ಕಡಿಯಲೋ, ಇನ್ನೊಂದು ತಿಂಗಳು ಮೇವು ಹಾಕಲೋ? ಬೇಗ ಕಡಿದರೆ ಒಣ ಮಾಂಸ. ತಡ ಮಾಡಿದರೆ ತಿಂದ ಮೇವೆಲ್ಲ ಯಾರೂ ಕೊಳ್ಳದ ಕೊಬ್ಬಾಗುತ್ತೆ. ಒಂದು ಸಲ ಕಡಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ.

ಲೆಸ್ಟರ್‌ಶೈರಿನ ಡಿಶ್ಲಿಯಲ್ಲಿ ರಾಬರ್ಟ್ ಬೇಕ್‌ವೆಲ್ (1725-1795) ಅಂತ ಒಬ್ಬ ರೈತ ಇದ್ದ. ಕುರಿ, ದನಗಳ ತಳಿ ಸುಧಾರಿಸಿದವನು ಅಂತ ಪಠ್ಯಪುಸ್ತಕಗಳಲ್ಲಿ ಬರುತ್ತಾನೆ. ನನಗೆ ಆತ ಇಷ್ಟವಾದದ್ದು ಬೇರೆ ಕಾರಣಕ್ಕೆ. ಕಡಿದ ತನ್ನ ಪ್ರಾಣಿಗಳ ಅಸ್ಥಿಪಂಜರಗಳನ್ನೂ, ಉಪ್ಪುನೀರಿನಲ್ಲಿ ನೆನೆಸಿಟ್ಟ ಮಾಂಸದ ತುಂಡುಗಳನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದ. ಮೂಳೆ ಎಷ್ಟು ಸಣ್ಣ, ಮೇಲಿನ ಕೊಬ್ಬು ಎಷ್ಟು ದಪ್ಪ ಅಂತ ಬಂದವರಿಗೆ ತೋರಿಸೋಕೆ. ಹೊರಗಿನಿಂದ ಮುಟ್ಟಿ ಊಹಿಸಿದ್ದು ಒಳಗೆ ಏನಾಗಿತ್ತು ಅನ್ನುವುದರ ಲೆಕ್ಕ ಅವನ ಗೋಡೆಯ ಮೇಲೇ ಇತ್ತು!

ಅವನ ನಂತರದ ಪೀಳಿಗೆಗೆ ಹದ ಅನ್ನೋದೇ ಮರೆತುಹೋಯಿತು ಅನ್ನಿಸುತ್ತೆ. ದಪ್ಪ ಇದ್ದಷ್ಟೂ ಹೆಮ್ಮೆ. 1796ರಲ್ಲಿ ಚಾರ್ಲ್ಸ್ ಕಾಲಿಂಗ್ ಎಂಬಾತನ ಕೊಟ್ಟಿಗೆಯಲ್ಲಿ ಹುಟ್ಟಿದ 'ಡರ್ಹಮ್ ಎತ್ತು' ಐದೇ ವರ್ಷಕ್ಕೆ ನೋಡೋಕೆ ಜನ ದುಡ್ಡು ಕೊಡುವಷ್ಟು ಬೆಳೆದಿತ್ತು. 1801ರಲ್ಲಿ ಅದನ್ನು 250 ಪೌಂಡಿಗೆ ಕೊಂಡ ಜಾನ್ ಡೇ ಅದಕ್ಕೆಂದೇ ಮಾಡಿಸಿದ ಗಾಡಿಯಲ್ಲಿ ಹೆಚ್ಚುಕಡಿಮೆ ಆರು ವರ್ಷ ಊರೂರು ಸುತ್ತಿಸಿದ. 2000 ಪೌಂಡ್ ಕೊಡ್ತೀನಿ ಅಂದರೂ ಮಾರಲಿಲ್ಲ. ಕೊನೆಗೂ ಅದನ್ನು ಕಡಿದದ್ದು ಹದ ನೋಡಿ ಅಲ್ಲ. 1807ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೊಂಟದ ಕೀಲು ತಪ್ಪಿ ಏಳಲಾಗದೆ ಹೋಯಿತು, ಅದಕ್ಕೆ. ಆ ಕಾಲದ ಚಿತ್ರಗಳನ್ನು ನೋಡಿದ್ದೀರಾ? ನಾಲ್ಕು ಕಡ್ಡಿ ಕಾಲಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ. ಮರದಚ್ಚಿನ ಕಲಾವಿದ ಥಾಮಸ್ ಬ್ಯೂಯಿಕ್ ತನ್ನ ಆತ್ಮಕಥೆಯಲ್ಲಿ ಇದರ ಬಗ್ಗೆ ಸಿಟ್ಟಾಗಿ ಬರೆದಿದ್ದಾನೆ. ಪ್ರಾಣಿಯ ಮೈಮೇಲೆ ಕಾಣದ ಕೊಬ್ಬಿನ ಮುದ್ದೆಗಳನ್ನು ಚಿತ್ರದಲ್ಲಿ ಸೇರಿಸು ಅಂತ ಅವನಿಗೆ ಹೇಳಿದ್ದರಂತೆ. ಆತ ಒಪ್ಪಲಿಲ್ಲ.

ಇಷ್ಟಾದರೂ ಸಾಮಾನ್ಯ ರೈತನಿಗೆ ಇದ್ದ ಸಾಧನ ಕೈ ಒಂದೇ. ಬಾಲದ ಬುಡದ ಎರಡೂ ಪಕ್ಕ ಹಿಚುಕಿ ನೋಡೋದು. ಕೊನೆಯ ಪಕ್ಕೆಲುಬುಗಳ ಮೇಲೆ ಅಂಗೈ ಇಟ್ಟು ಒತ್ತೋದು; ಎಲುಬು ಒಂದೊಂದಾಗಿ ಎಣಿಸೋಕೆ ಸಿಕ್ಕಿದರೆ ಇನ್ನೂ ಕಾಯಬೇಕು. ಸೊಂಟದ ಮೇಲೆ ಕೈಯಿಟ್ಟು ಅಡ್ಡಮೂಳೆಗಳ ತುದಿಯನ್ನು ಹೆಬ್ಬೆಟ್ಟಿನಿಂದ ಹುಡುಕೋದು. ಮುಂಗಾಲುಗಳ ನಡುವೆ ಎದೆ ತುಂಬಿ ಮುಂದೆ ಬಂದಿದೆಯಾ? ಹಿಂಗಾಲಿನ ಮುಂದಿನ ಚರ್ಮದ ಮಡಿಕೆ ದಪ್ಪ ಆಗಿದೆಯಾ? ಬೀಜ ಒಡೆಸಿದ ಜಾಗದ ಚೀಲದಲ್ಲಿ ಕೊಬ್ಬು ತುಂಬಿದೆಯಾ? ಇಷ್ಟು ನೋಡುತ್ತಿದ್ದರು. ನಮ್ಮಮ್ಮ ಪಾಕವನ್ನು ಹೆಬ್ಬೆಟ್ಟು, ತೋರುಬೆರಳಿನ ನಡುವೆ ಹಿಡಿದು ಒಂದೆಳೆ ಬಂತಾ ಅಂತ ನೋಡುವ ಹಾಗೇ ಇದೂ. ವ್ಯತ್ಯಾಸ ಏನಂದರೆ ಅಮ್ಮನಿಗೆ ತಾನು ನೋಡಿದ್ದು ಸರಿಯೋ ತಪ್ಪೋ ಅರ್ಧ ಗಂಟೆಯಲ್ಲಿ ತಟ್ಟೆಯಲ್ಲಿ ಗೊತ್ತಾಗುತ್ತೆ. ಮನೆಗೆ ವರ್ಷಕ್ಕೊಂದು ದನ ಕಡಿಯುವವನಿಗೆ ಹತ್ತು ಪಾಠ ಕಲಿಯೋಕೆ ಹತ್ತು ವರ್ಷ ಬೇಕು. ಸಂತೆಯಲ್ಲಿ ಮಾರಿಬಿಡುವವನಿಗಂತೂ ಒಂದು ಪಾಠವೂ ಇಲ್ಲ. ಒಳಗೆ ಏನಿತ್ತು ಅಂತ ಅವನು ಯಾವತ್ತೂ ನೋಡೋದೇ ಇಲ್ಲವಲ್ಲ.

ಆದರೆ ಕಟುಕ ದಿನಾ ಬೆಳಿಗ್ಗೆ ಮುಟ್ಟಿ ಕೊಳ್ಳುತ್ತಾನೆ, ಮರುದಿನ ಬಿಚ್ಚಿ ನೋಡುತ್ತಾನೆ. ಆರು ತಿಂಗಳಲ್ಲಿ ಅವನ ಕೈಗೆ ರೈತನ ಇಡೀ ಆಯುಷ್ಯದ ಅನುಭವ ಬಂದಿರುತ್ತೆ. ದನವನ್ನು ತೂಗದೆ ನೋಡಿಯೇ ಬೆಲೆ ಕಟ್ಟುವ ಸಂತೆಯಲ್ಲಿ ಯಾರಿಗೆ ಲಾಭ ಅಂತ ಹೇಳಬೇಕಾಗಿಲ್ಲ. ಸಾಕಿದವನಿಗಿಂತ ಕಡಿಯುವವನಿಗೇ ಆ ಪ್ರಾಣಿ ಹೆಚ್ಚು ಗೊತ್ತು. ಈ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ಮುಂದೆ ಬಂದ ಟೇಪು, ತಕ್ಕಡಿ, ಅಂಕ ಎಲ್ಲವೂ ಈ ಅಂತರವನ್ನು ಕಡಿಮೆ ಮಾಡುವ ಪ್ರಯತ್ನಗಳೇ.

ಮೊದಲು ಟೇಪು. ಹತ್ತೊಂಬತ್ತನೇ ಶತಮಾನದ ರೈತರ ಕೈಪಿಡಿಗಳಲ್ಲಿ ಒಂದು ಸೂತ್ರ ಇರುತ್ತಿತ್ತು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಅಡಿಗಳಲ್ಲಿ. ಅದರ ವರ್ಗವನ್ನು ಉದ್ದದ ಐದರಷ್ಟರಿಂದ ಗುಣಿಸಿ 21ರಿಂದ ಭಾಗಿಸಿ. ಬರುವುದು ಕಡಿದ ಮೇಲಿನ ಮಾಂಸದ ತೂಕ, ಸ್ಟೋನ್‌ಗಳಲ್ಲಿ (ಒಂದು ಸ್ಟೋನ್ ಅಂದರೆ 14 ಪೌಂಡು). 7 ಅಡಿ ಸುತ್ತಳತೆ, 5 ಅಡಿ ಉದ್ದದ ಎತ್ತಿಗೆ 58 ಸ್ಟೋನ್ ಚಿಲ್ಲರೆ, ಅಂದರೆ ಸುಮಾರು 370 ಕೆಜಿ. ನಮ್ಮ ಪಶುವೈದ್ಯರು ಬಳಸುವ ಸೂತ್ರ ಇನ್ನೊಂದಿದೆ: ಇಂಚುಗಳಲ್ಲಿ ಸುತ್ತಳತೆಯ ವರ್ಗ ಗುಣಿಸು ಉದ್ದ, ಭಾಗಿಸು 300, ಇದು ಬದುಕಿರುವ ದನದ ತೂಕ, ಪೌಂಡುಗಳಲ್ಲಿ. ಉದ್ದ ಅಳೆಯುವ ತುದಿಗಳು ಸ್ವಲ್ಪ ಬೇರೆ ಇರಬಹುದು, ಆದರೂ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಭಾಗಿಸಿ ನೋಡಿದೆ (ಅಭ್ಯಾಸಬಲ!). ಯಾವ ಅಳತೆ ಹಾಕಿದರೂ ಉತ್ತರ ಶೇಕಡಾ 58ರ ಹತ್ತಿರ. ಅಂದರೆ ಎಲ್ಲ ಎತ್ತಿನಲ್ಲೂ ಮಾಂಸದ ಪಾಲು ಒಂದೇ ಅಂತ ಸೂತ್ರ ಮೊದಲೇ ನಂಬಿಬಿಟ್ಟಿದೆ. ಎತ್ತು ಹದಕ್ಕೆ ಬಂದಿದೆಯಾ ಅಂತ ನಾವು ಕೇಳುತ್ತಿರೋದು, ಬಂದಿದೆ ಅಂತ ಅಂದುಕೊಂಡೇ ಅದು ಲೆಕ್ಕ ಹಾಕುತ್ತೆ! ಕೈಪಿಡಿ ಬರೆದವರಿಗೂ ಇದು ಗೊತ್ತಿತ್ತು. ತುಂಬಾ ಕೊಬ್ಬಿದ್ದರೆ ಇಪ್ಪತ್ತನೇ ಒಂದು ಭಾಗ ಸೇರಿಸಿ, ಬಡಕಲಾಗಿದ್ದರೆ ಅಷ್ಟೇ ಕಳೆಯಿರಿ ಅಂತ ಕೆಳಗೆ ಬರೆದಿರುತ್ತಿದ್ದರು. ಕೊಬ್ಬಿದೆಯೋ ಬಡಕಲೋ ಅಂತ ಹೇಳೋದು ಯಾರು? ಮತ್ತೆ ಕೈಯೇ.

ಬಿಚ್ಚಿ ನೋಡುವ ಕೆಲಸವನ್ನು ಪೂರ್ತಿಯಾಗಿ ಮಾಡಿದವರು ರಾಥಮ್‌ಸ್ಟೆಡ್ಡಿನ ಲಾಸ್ ಮತ್ತು ಗಿಲ್ಬರ್ಟ್. ಬೇರೆ ಬೇರೆ ಹದದ ಹತ್ತು ಪ್ರಾಣಿಗಳನ್ನು ಕಡಿದು, ಮೂಳೆ, ಕರುಳು ಏನನ್ನೂ ಬಿಡದೆ ಇಡೀ ದೇಹವನ್ನು ವಿಶ್ಲೇಷಿಸಿ 1859ರಲ್ಲಿ ಪ್ರಕಟಿಸಿದರು. ಅರ್ಧ ಕೊಬ್ಬಿದ ಎತ್ತಿನಲ್ಲಿ ಕೊಬ್ಬು ಶೇಕಡಾ 19, ಪೂರ್ತಿ ಕೊಬ್ಬಿದ ಎತ್ತಿನಲ್ಲಿ 30. ನೀರು 51ರಿಂದ 45ಕ್ಕೆ ಇಳಿದಿತ್ತು, ಪ್ರೋಟೀನಿನ ಪಾಲೂ ಇಳಿದಿತ್ತು. ಕೊನೆಯ ತಿಂಗಳುಗಳಲ್ಲಿ ದನ ಬೆಳೆಯುತ್ತಿದೆ ಅಂತ ರೈತ ಖುಷಿಪಡುತ್ತಿದ್ದನಲ್ಲ, ಆ ಬೆಳವಣಿಗೆಯ ದೊಡ್ಡ ಪಾಲು ಬರೀ ಕೊಬ್ಬು.

ಇದೇ ಲಾಸ್ ಮುಂದೆ ದನವನ್ನು ಕಣ್ಣಂದಾಜಿನಲ್ಲಿ ಅಲ್ಲ, ತೂಗಿ ಮಾರಿ ಅಂತ ರೈತರಿಗೆ ಹೇಳುತ್ತಾ ಬಂದ. ಸಂತೆಗಳಲ್ಲಿ ದನ ತೂಗುವ ತಕ್ಕಡಿ ಇಡಬೇಕು ಅಂತ 1887ರಲ್ಲಿ ಕಾನೂನೂ ಬಂತು. ತಕ್ಕಡಿ ಬಂತು, ರೈತರು ಮಾತ್ರ ಅದರ ಹತ್ತಿರ ಹೆಚ್ಚು ಸುಳಿಯಲಿಲ್ಲ. ತನ್ನ ಕಣ್ಣೇ ಸಾಕು ಅನ್ನುವ ಹಮ್ಮು ನಷ್ಟಪಡುವವನಿಗೂ ಇರುತ್ತೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಕುದುರಿಸೋದನ್ನು ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಪ್ಲಿಮತ್ತಿನ ಚೀಟಿಗಳಿಗೆ ವಾಪಸ್ ಬಂದರೆ, ಅರ್ಧದಷ್ಟು ಜನರ ಅಂದಾಜು 1162 ಮತ್ತು 1236 ಪೌಂಡುಗಳ ನಡುವೆ ಇತ್ತು. ಗಾಲ್ಟನ್ನನಿಗೆ ಅದರಲ್ಲಿ ಪ್ರಜಾಪ್ರಭುತ್ವ ಕಂಡಿತು. ನನಗೆ ಕಾಣೋದು ಕಟುಕರ ದಿನನಿತ್ಯದ ಕಲಿಕೆಯನ್ನು ಬೇರೆಯವರೂ ಕೇಳಿ, ನೋಡಿ ಎರವಲು ತಂದುಕೊಂಡದ್ದು. ಆಮೇಲೆ, ಅಲ್ಲಿ ಯಾರನ್ನೂ ಈ ಎತ್ತನ್ನು ಇವತ್ತು ಕಡಿಯಬೇಕಿತ್ತಾ ಅಂತ ಕೇಳಿರಲಿಲ್ಲ. ಅದನ್ನು ಯಾರೋ ಮೊದಲೇ ತೀರ್ಮಾನಿಸಿ ಆಗಿತ್ತು.

ಕೈಯ ವಿದ್ಯೆಗೆ ಅಂಕ ಬಂದದ್ದು 1976ರಲ್ಲಿ. ಸ್ಕಾಟ್ಲೆಂಡಿನ ಕೃಷಿ ಕಾಲೇಜಿನವರು ದನದ ಮೈಕಟ್ಟಿಗೆ 0ಯಿಂದ 5ರವರೆಗೆ ಅಂಕ ಕೊಡುವ ಕ್ರಮ ಪ್ರಕಟಿಸಿದರು. ಮುಟ್ಟುವ ಜಾಗಗಳು ಅವೇ ಹಳೆಯವು, ಸೊಂಟದ ಅಡ್ಡಮೂಳೆ ಮತ್ತು ಬಾಲದ ಬುಡ. 1981ರಲ್ಲಿ ಯುರೋಪಿನ ಕಸಾಯಿಖಾನೆಗಳಿಗೆ ಆಕಾರ ಮತ್ತು ಕೊಬ್ಬು ಎರಡಕ್ಕೂ ದರ್ಜೆ ಕೊಡುವ ಒಂದೇ ಪದ್ಧತಿ ಬಂತು. ಈಗ ರೈತನ ಕೈಗೂ ಒಂದು ಚೀಟಿ ವಾಪಸ್ ಬರುತ್ತೆ, ನಿನ್ನ ದನದ ಒಳಗೆ ಇಷ್ಟು ಕೊಬ್ಬಿತ್ತು ಅಂತ. ಬೇಕ್‌ವೆಲ್ಲನ ಗೋಡೆ ಕಾಗದದ ಮೇಲೆ ಬಂದ ಹಾಗೆ.

ಅಷ್ಟರಲ್ಲಿ ಹುಚ್ಚುಹಸು ರೋಗ. 1996ರಲ್ಲಿ ಬ್ರಿಟನ್ 30 ತಿಂಗಳು ದಾಟಿದ ದನದ ಮಾಂಸವನ್ನು ಜನರಿಗೆ ಮಾರೋದನ್ನೇ ನಿಷೇಧಿಸಿತು. ಮುನ್ನೂರು ವರ್ಷಗಳ ಕೈ, ಟೇಪು, ತಕ್ಕಡಿ ಎಲ್ಲ ಪಕ್ಕಕ್ಕೆ ಸರಿದು ಮತ್ತೆ ಪಂಚಾಂಗ ಬಂತು. ಹುಟ್ಟಿದ ದಿನದ ದಾಖಲೆ ಇಲ್ಲದ ದನಗಳಿಗೆ, ನಮ್ಮೂರಿನ ಜಾತ್ರೆಯಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು ಅಂತ ನೋಡುವ ಹಾಗೆಯೇ, ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಜೋಳ, ಬಾರ್ಲಿ ತಿನ್ನಿಸಿ ಬೇಗ ಬೆಳೆಸುವವರಿಗೆ ಅಷ್ಟು ತೊಂದರೆ ಆಗಲಿಲ್ಲ. ಪೆಟ್ಟು ಬಿದ್ದದ್ದು ಹೈಲ್ಯಾಂಡ್, ಗ್ಯಾಲೊವೇ ಥರದ ನಿಧಾನದ ತಳಿಗಳನ್ನು ಬೆಟ್ಟದ ಹುಲ್ಲಿನಲ್ಲೇ ಬೆಳೆಸುವವರಿಗೆ. ಆ ದನಗಳು ಹದಕ್ಕೆ ಬರುವ ಹೊತ್ತಿಗೆ ಎಷ್ಟೋ ಸಲ 30 ತಿಂಗಳು ಕಳೆದಿರುತ್ತೆ. ಇನ್ನೂ ಪಕ್ಕೆಲುಬು ಕೈಗೆ ಸಿಗುತ್ತಿದೆ ಅಂತ ಗೊತ್ತಿದ್ದೂ ಕಳಿಸಬೇಕಾಯಿತು. ರೋಗ ತಡೆಯೋಕೆ ಬೇರೆ ದಾರಿ ಇರಲಿಲ್ಲ ಅನ್ನೋದು ನಿಜವೇ.

ಆ ನಿಯಮ ತೆಗೆದದ್ದು 2005ರ ನವೆಂಬರಿನಲ್ಲಿ. ಮಾರ್ಟಿನ್ನನ ಹಬ್ಬಕ್ಕೆ ನಾಲ್ಕು ದಿನ ಮುಂಚೆ.