ಹಿಂಸಾದಾನ ಮತ್ತು ಊಟದ ಎಲೆ
11ನೆಯ ಶತಮಾನದಲ್ಲಿ ಹೂಲಿಯ ಶಾಸನವು ಯಾಪನೀಯ ಸಂಘವನ್ನು ಸ್ಮರಿಸಿದೆ. ಆಹಾರದಾನದ ಪರಂಪರೆ ಈ ನಾಡಿನಲ್ಲಿ ಅಷ್ಟು ಹಳೆಯದು. ನಮ್ಮ ಪಂಕ್ತಿಗಳಲ್ಲಿ ಹಿಂದೆ ಮುತ್ತುಗದ ಪತ್ರಾವಳಿ ಇತ್ತು: ಕಡ್ಡಿಯಿಂದ ಚುಚ್ಚಿದ ಎಲೆ, ಉಂಡ ಬಳಿಕ ತಿಪ್ಪೆಗೆ, ಮರುವರ್ಷ ಹೊಲಕ್ಕೆ ಗೊಬ್ಬರ. ಥರ್ಮೋಕೋಲ್ ತಟ್ಟೆಗೆ ಆ ಗತಿಯಿಲ್ಲ. ಹಸುವಿನ ಹೊಟ್ಟೆ ಸೇರಿದರೂ ಅದು ಕರಗದು. 2016ರಲ್ಲಿ ರಾಜ್ಯ ಸರಕಾರ ನಿಷೇಧಿಸುವವರೆಗೆ ಅದನ್ನು ಮಾರಿದವರಲ್ಲಿ ನಾನೂ ಒಬ್ಬ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ 5 ಭೇದಗಳಲ್ಲಿ ಹಿಂಸಾದಾನವನ್ನೂ ಎಣಿಸಿದ್ದಾರೆ. ಅಲ್ಲಿ ಕೊಡಲಿ, ಖಡ್ಗಗಳ ಹೆಸರನ್ನಷ್ಟೇ ಕಂಡು, ಕಿರಾಣಿ ವ್ಯಾಪಾರಿಗೆ ಇದು ತಾಗದೆಂದು ಭಾವಿಸಿದ್ದೆನು. ಹಸಿರೆಲೆ ಕೀಳುವುದೂ ಏಕೇಂದ್ರಿಯ ಜೀವದ ಹಿಂಸೆಯೇ, ನಿಜ. ತಾನಾಗಿ ಉದುರಿದ ಅಡಿಕೆ ಹಾಳೆಯ ತಟ್ಟೆ ಮೇಲು. ಆದರೆ ಅದು ನಮ್ಮ ಬಯಲುಸೀಮೆಗೆ ದೂರದಿಂದ ಲಾರಿಯಲ್ಲಿ ಬರಬೇಕು. ಬಸದಿಯ ಟ್ರಸ್ಟುಗಳು ಸ್ಟೀಲಿನ ತಾಟುಗಳನ್ನೇ ಕೊಂಡಿಟ್ಟು, ಸೋಸಿದ ನೀರನ್ನು ಮಿತವಾಗಿ ಬಳಸಿ ತೊಳೆಯಿಸಲಿ.