ಬಸುರಿಯ ವಾಂತಿ ಮತ್ತು ಜಠರದ ರೋಗಾಣು: ತುಂಗಭದ್ರೆಯ ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಬಸುರಿಯ ವಾಂತಿಯನ್ನು ಬಯಕೆಯ ಲೆಕ್ಕಕ್ಕೆ, ಇಲ್ಲವೇ ಪಿತ್ತದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ವಾಡಿಕೆ. ಇದರ ಬೇರು ಹಳೆಯದು. ಚರಕಸಂಹಿತೆಯ ಶಾರೀರಸ್ಥಾನವೇ ವಾಂತಿ, ಅರುಚಿ, ಹುಳಿಯ ಆಸೆಗಳನ್ನು ಗರ್ಭ ನಿಂತ ಲಕ್ಷಣಗಳಲ್ಲಿ ಎಣಿಸುತ್ತದೆ.

ಆದರೆ ಗುಟುಕು ನೀರೂ ನಿಲ್ಲದ ಅತಿವಾಂತಿ ಬೇರೆಯೇ ರೋಗ. ಬ್ರಿಟನ್ನಿನಲ್ಲಿ 1931–40ರ ದಶಕದಲ್ಲಿ ಹತ್ತು ಲಕ್ಷ ಹೆರಿಗೆಗೆ 159 ತಾಯಂದಿರು ಇದರಿಂದ ಸತ್ತರು, 1951–60ರಲ್ಲಿ ಮೂವರು. ಈ ಇಳಿಕೆಯಲ್ಲಿ ರಕ್ತನಾಳಕ್ಕೆ ಹನಿಸುವ ಡ್ರಿಪ್ಪಿನ ಪಾಲು ದೊಡ್ಡದು. ಅದೇ ಶತಮಾನದಲ್ಲಿ, ಬಸಿರು ಬೇಡವೆಂಬ ಒಳಮನಸ್ಸೇ ಹೀಗೆ ವಾಂತಿಯಾಗಿ ಹೊರಬೀಳುತ್ತದೆ ಎಂದು ವೈದ್ಯರೇ ಬರೆದರು. ನರಳುವವಳ ಮೇಲೆಯೇ ತಪ್ಪು ಹೊರಿಸಿದ ಆ ವಾದ ಅನ್ಯಾಯದ್ದು.

ರೋಗಾಣುವಿನ ಕಡೆ ಕಣ್ಣು ಹೊರಳಿದ್ದು ತಡವಾಗಿ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ನಿಂತದ್ದು 1989ರಲ್ಲಿ. 1998ರ ವಿಯೆನ್ನಾದ ಅಧ್ಯಯನವೊಂದರಲ್ಲಿ ಅತಿವಾಂತಿಯ 105 ಗರ್ಭಿಣಿಯರ ಪೈಕಿ ಶೇ. 90.5ರಷ್ಟು ಮಂದಿಯ ರಕ್ತದಲ್ಲಿ ಇದರ ಪ್ರತಿಕಾಯ ಸಿಕ್ಕಿತು; ಆ ತೊಂದರೆಯಿಲ್ಲದ 129 ಮಂದಿಯಲ್ಲಿ ಶೇ. 46.5. 2007ರ ಸಮೀಕ್ಷೆಯೊಂದು 14 ಅಧ್ಯಯನಗಳನ್ನು ತೂಗಿ ನೋಡಿದಾಗ ಹತ್ತರಲ್ಲಿ ನಂಟು ಕಂಡಿತು, ಉಳಿದವುಗಳಲ್ಲಿ ಇಲ್ಲ.

ವಿಯೆನ್ನಾದ ಈ ಲೆಕ್ಕವನ್ನು ನಮ್ಮ ಸೀಮೆಗೆ ಹಾಗೆಯೇ ತರಲಾಗದು. ಭಾರತದಲ್ಲಿ ಈ ಸೋಂಕು ಬಾಲ್ಯದಲ್ಲೇ ಅಂಟುತ್ತದೆ, ಬಹುಪಾಲು ವಯಸ್ಕರ ಹೊಟ್ಟೆಯಲ್ಲಿ ಸದ್ದಿಲ್ಲದೆ ಉಳಿಯುತ್ತದೆ. ಇಕ್ಕಟ್ಟಿನ ಮನೆ, ಶುದ್ಧ ನೀರಿನ ಕೊರತೆ ಇದಕ್ಕೆ ಅನುಕೂಲ. ಓರಗಿತ್ತಿಯರಿಬ್ಬರಿಗೂ ಸೋಂಕಿದ್ದು ಒಬ್ಬಳೇ ಓಕರಿಸಿ ಹಾಸಿಗೆ ಹಿಡಿದರೆ ರೋಗಾಣುವೊಂದೇ ಕಾರಣವಾಗುವುದು ಹೇಗೆ? ಅದೂ ಅಲ್ಲದೆ, ರಕ್ತದ ಪ್ರತಿಕಾಯ ಹಿಂದೆಂದೋ ಆಗಿ ಹೋದ ಸೋಂಕಿನದೂ ಆಗಿರಬಹುದು. ಈಗಿನ ಸೋಂಕು ತಿಳಿಯಲು ಮಲದ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ ಬೇಕು. ಆದ್ದರಿಂದ ಪೈಲೋರಿಯನ್ನು ಮೂಲಕಾರಣವೆನ್ನುವ ಬದಲು ಬಾಧೆಯನ್ನು ಹೆಚ್ಚಿಸಬಲ್ಲ ಸಹಕಾರಿಯೆನ್ನುವುದೇ ಸರಿ.

2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ, ಮಾರ್ಲೀನಾ ಫೆಜೊ ಮತ್ತು ಸ್ಟೀಫನ್ ಓ'ರಾಹಿಲಿ ಪಾಲ್ಗೊಂಡ ಸಂಶೋಧನೆ ಮುಖ್ಯ ಕಾರಣವನ್ನು ಬೇರೆಡೆ ತೋರಿಸಿದೆ. ಭ್ರೂಣದ ಕಡೆಯಿಂದ ತಾಯಿಯ ರಕ್ತಕ್ಕೆ ಜಿಡಿಎಫ್15 ಎಂಬ ಹಾರ್ಮೋನು ಸೇರುತ್ತದೆ. ಬಸಿರಿಗೆ ಮೊದಲು ಇದು ಕಡಿಮೆಯಿದ್ದವರ ದೇಹಕ್ಕೆ ಈ ದಿಢೀರ್ ಏರಿಕೆ ತಡೆಯಲಾಗುವುದಿಲ್ಲ.

ಪೈಲೋರಿ ಗುಳಿಗೆಗಳನ್ನು ಅಂಗಡಿಯಿಂದ ತಂದು ಬಸುರಿಗೆ ನುಂಗಿಸಬಾರದು. ಆ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಇಡುತ್ತಾರೆ. ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿಯುತ್ತಿದ್ದರೆ ಬಯಕೆಯೆಂದು ಕಾಯದೆ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಡ್ರಿಪ್ ಏರಿಸುವಾಗ ಗ್ಲೂಕೋಸಿಗೆ ಮೊದಲು ಥಯಾಮಿನ್ ಕೊಡಬೇಕು; ಅದು ತಪ್ಪಿದರೆ ಮೆದುಳಿಗೆ ಪೆಟ್ಟು ಬೀಳಬಹುದು.